ಊರಿನ ಹಳೇ ಗುಡಿ ಸಂರಕ್ಷಿತವೋ ಅಲ್ಲವೋ: ಬೋರ್ಡ್ ಬಿಡಿ, ಸರ್ವೆ ನಂಬರ್ ಹಿಡಿಯಿರಿ

ಹಾಸನ ಜಿಲ್ಲೆಯಲ್ಲಿ ಹಳೇ ಕಲ್ಲು ಇಲ್ಲದ ಊರು ಹುಡುಕುವುದೇ ಕಷ್ಟ. ಕೆರೆ ಏರಿ ಮೇಲೆ ವೀರಗಲ್ಲು, ಊರ ಬಾಗಿಲಲ್ಲಿ ಸತಿ ಹೋದವರ ನೆನಪಿನ ಮಾಸ್ತಿಕಲ್ಲು, ತೋಟದ ಮಧ್ಯೆ ಅರ್ಧ ಬಿದ್ದ ಈಶ್ವರನ ಗುಡಿ, ಅದರ ಪಕ್ಕ ಬಟ್ಟೆ ಒಗೆಯಲು ಬಳಸುವ ಶಾಸನದ ಕಲ್ಲು. ಪಕ್ಕದ ಚಿಕ್ಕಮಗಳೂರಿನದೂ ಇದೇ ಕಥೆ. ಬೇಲೂರು, ಹಳೇಬೀಡು 2023ರ ಸೆಪ್ಟೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದವು, ಸಂತೋಷ. ಆದರೆ ಅಲ್ಲಿಂದ ನಾಲ್ಕು ಮೈಲಿ ಆಚೆಯ ಹಳ್ಳಿಯ ಗುಡಿಗೆ ಇದರಿಂದ ಏನೂ ಆಗಿಲ್ಲ ಅಲ್ವಾ? ಅಂಥ ಗುಡಿ ಇರುವ ಊರಿನವರಿಗೆ ಈ ಬರಹ.

ಊರಲ್ಲಿ ಕೇಳಿದರೆ ಒಂದೇ ಗುಡಿ ಬಗ್ಗೆ ಮೂರು ಉತ್ತರ ಸಿಗುತ್ತದೆ. ಒಬ್ಬರು "ಅದು ಪುರಾತತ್ವದವರದ್ದು, ಮುಟ್ಟಿದರೆ ಕೇಸು" ಅನ್ನುತ್ತಾರೆ. ಇನ್ನೊಬ್ಬರು "ಮುಜರಾಯಿದು" ಅನ್ನುತ್ತಾರೆ. ಮೂರನೆಯವರು "ಯಾರದ್ದೂ ಅಲ್ಲ, ನಮ್ಮ ತಾತನ ಜಮೀನಲ್ಲಿದೆ" ಅನ್ನುತ್ತಾರೆ. ಮೂವರೂ ಕಾಗದ ನೋಡಿರುವುದಿಲ್ಲ. ಇದನ್ನು ಬಿಡಿಸದೆ ಜೀರ್ಣೋದ್ಧಾರ ಸಮಿತಿ ಮಾಡಿದರೂ ಕಷ್ಟ, ಪಕ್ಕದಲ್ಲಿ ಮನೆ ಕಟ್ಟಲು ಪಾಯ ತೆಗೆದರೂ ಕಷ್ಟ.

ಮೊದಲು ನಾಲ್ಕು ಗುಂಪು ತಿಳಿದುಕೊಳ್ಳಿ. ಒಂದು, ಕೇಂದ್ರದ ಪುರಾತತ್ವ ಸರ್ವೇಕ್ಷಣೆ, ಅಂದರೆ ಎಎಸ್‌ಐ ನೋಡಿಕೊಳ್ಳುವ ಸ್ಮಾರಕ. ಇದಕ್ಕೆ 1958ರ ಕಾಯ್ದೆ. ಕರ್ನಾಟಕದಲ್ಲಿ ಇಂಥವು 500ಕ್ಕೂ ಹೆಚ್ಚಿವೆ. ಎರಡು, ರಾಜ್ಯ ಸರ್ಕಾರದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಸ್ಮಾರಕ. ಇದಕ್ಕೆ 1961ರ ರಾಜ್ಯದ ಕಾಯ್ದೆ, ಮುಖ್ಯ ಕಚೇರಿ ಇರುವುದು ಮೈಸೂರಿನಲ್ಲಿ. ಮೂರು, ಮುಜರಾಯಿ, ಅಂದರೆ ರಾಜ್ಯದ ಧಾರ್ಮಿಕ ದತ್ತಿ ಇಲಾಖೆಯ ದೇವಸ್ಥಾನ. ನಾಲ್ಕು, ಈ ಯಾವ ಪಟ್ಟಿಯಲ್ಲೂ ಇಲ್ಲದ್ದು, ಹಳ್ಳಿಗಳಲ್ಲಿ ಇಂಥವೇ ಜಾಸ್ತಿ.

ಮುಜರಾಯಿ ಅಂದರೆ ಪೂಜೆ, ಹುಂಡಿ, ತಸ್ತೀಕು (ಪೂಜೆಗೆ ಸರ್ಕಾರ ಕೊಡುವ ಹಣ), ಅರ್ಚಕರು, ಆಡಳಿತದ ವಿಷಯ. ಕಟ್ಟಡ ಹಳೇದೋ ಹೊಸದೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೊನ್ನೆ ಕಟ್ಟಿದ ಗುಡಿಯೂ ಮುಜರಾಯಿಗೆ ಸೇರಬಹುದು. ಒಂದೇ ಗುಡಿ ಎರಡು ಪಟ್ಟಿಯಲ್ಲೂ ಇರಬಹುದು. ಬೇಲೂರನ್ನೇ ನೋಡಿ, ಚೆನ್ನಕೇಶವನ ಪೂಜೆ, ರಥೋತ್ಸವ ಮುಜರಾಯಿ ಕಡೆಯವು, ಕಟ್ಟಡ ಎಎಸ್‌ಐದು. ಹಾಗಾಗಿ "ಇದು ಮುಜರಾಯಿದು, ಪುರಾತತ್ವದವರು ಯಾಕೆ ಬರ್ತಾರೆ" ಅನ್ನುವ ವಾದ ಪಂಚಾಯಿತಿ ಕಟ್ಟೆಯಲ್ಲಿ ನಡೆಯಬಹುದು, ಬೇರೆಲ್ಲೂ ನಡೆಯುವುದಿಲ್ಲ.

ಬೋರ್ಡ್ ಯಾಕೆ ನಂಬಬಾರದು

ಬೋರ್ಡ್ ಇದ್ದರೆ ಸಂರಕ್ಷಿತ, ಇಲ್ಲದಿದ್ದರೆ ಅಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬೋರ್ಡ್ ತುಕ್ಕು ಹಿಡಿದು ಬಿದ್ದು ಹೋಗಿರಬಹುದು, ಯಾರೋ ಗುಜರಿಗೆ ಹಾಕಿರಬಹುದು. ಇನ್ನು ಕೆಲವು ಕಡೆ ಪ್ರವಾಸೋದ್ಯಮದವರ ದಾರಿ ಬೋರ್ಡನ್ನೇ ಜನ ಸಂರಕ್ಷಣೆಯ ಬೋರ್ಡ್ ಅಂತ ತಿಳಿದಿರುತ್ತಾರೆ. ಇನ್ನೂ ಒಂದು ವಿಷಯ. ಹಳೇ ಎಎಸ್‌ಐ ಬೋರ್ಡ್‌ಗಳಲ್ಲಿ ಹಾಳು ಮಾಡಿದವರಿಗೆ 3 ತಿಂಗಳ ಸಜೆ ಅಥವಾ 5,000 ರೂಪಾಯಿ ದಂಡ ಅಂತ ಬರೆದಿರುತ್ತದೆ. ಅದು ಹಳೇ ಲೆಕ್ಕ. 2010ರ ತಿದ್ದುಪಡಿ ಆದಮೇಲೆ 2 ವರ್ಷದವರೆಗೆ ಸಜೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೋರ್ಡ್ ಓದಿ "ಐದು ಸಾವಿರ ತಾನೇ, ಕಟ್ಟಿದರಾಯಿತು" ಅಂದುಕೊಂಡವರು ಇದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ಹಳೇ ಶಾಸನಗಳ ಕೊನೆಯಲ್ಲೂ ಶಿಕ್ಷೆ ಬರೆದಿರುತ್ತದೆ ಅನ್ನಿ. ಈ ಧರ್ಮ ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ, ಅಂದರೆ ಹಸು ಕೊಂದ ಪಾಪ ಅಂತ. ಅದಕ್ಕೂ ಜನ ಹೆದರಿದ ಹಾಗೆ ಕಾಣುವುದಿಲ್ಲ.

ಸರಿ, ಕಾಗದ ಹುಡುಕುವುದು ಹೇಗೆ? ಗುಡಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ಕಂದಾಯ ಇಲಾಖೆಯದು, ಪುಕ್ಕಟೆ. ನೀವು ನಿಂತ ಜಾಗದ ಸರ್ವೆ ನಂಬರ್, ಊರು, ಹೋಬಳಿ ತೋರಿಸುತ್ತದೆ. ಫೋನಿನ ಜಿಪಿಎಸ್ ಸ್ವಲ್ಪ ಆಚೀಚೆ ಆಗುತ್ತದೆ, ಹಾಗಾಗಿ ಗುಡಿಯ ನಾಲ್ಕೂ ಮೂಲೆಯಲ್ಲಿ ನಿಂತು ನೋಡಿ. ಎರಡು ನಂಬರ್ ತೋರಿಸಿದರೆ ಎರಡನ್ನೂ ಬರೆದುಕೊಳ್ಳಿ.

ಆಮೇಲೆ ಭೂಮಿ ವೆಬ್‌ಸೈಟಿನಲ್ಲಿ ಆ ನಂಬರಿನ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಸರ್ಕಾರ ಅಂತಲೋ ದೇವರ ಹೆಸರೋ ಖಾಸಗಿಯವರ ಹೆಸರೋ ಇರುತ್ತದೆ. 11ನೇ ಕಾಲಂನ ಹಕ್ಕು, ಋಣದ ವಿವರವನ್ನೂ ಬಿಡಬೇಡಿ. ಎಷ್ಟೋ ಸಲ ಗುಡಿ ಇರುವ ಎರಡು ಮೂರು ಗುಂಟೆ ಖರಾಬು (ಸಾಗುವಳಿಗೆ ಬಾರದ ಜಾಗ) ಅಂತ ಕಳೆದಿರುತ್ತದೆ, ಸುತ್ತಲಿನ ಜಮೀನು ಮಾತ್ರ ಖಾಸಗಿ ಹೆಸರಿನಲ್ಲಿರುತ್ತದೆ. ಗುಡಿ ಊರೊಳಗೆ, ಗ್ರಾಮಠಾಣಾದಲ್ಲಿ ಇದ್ದರೆ ಪಹಣಿ ಸಿಗುವುದಿಲ್ಲ. ಸುಮ್ನೆ ನಾಡಕಚೇರಿಗೆ ಅಲೆಯಬೇಡಿ, ಪಂಚಾಯಿತಿಗೆ ಹೋಗಿ ಪಿಡಿಒ ಹತ್ತಿರ ಆಸ್ತಿ ರಿಜಿಸ್ಟರ್ ಕೇಳಿ. ಗ್ರಾಮ ನಕ್ಷೆಯ ಒಂದು ಪ್ರತಿಯನ್ನೂ ತೆಗೆದುಕೊಳ್ಳಿ. ಹಳೇ ನಕ್ಷೆಗಳಲ್ಲಿ ಗುಡಿ, ಕಲ್ಯಾಣಿ, ಕೋಟೆ ಗುರುತು ಮಾಡಿರುತ್ತಾರೆ.

ಈಗ ಪಟ್ಟಿ. ಹಾಸನ, ಚಿಕ್ಕಮಗಳೂರು ಎರಡೂ ಎಎಸ್‌ಐನ ಬೆಂಗಳೂರು ವೃತ್ತಕ್ಕೆ ಬರುತ್ತವೆ. ಎಎಸ್‌ಐನ ಜಾಲತಾಣದಲ್ಲಿ ಜಿಲ್ಲಾವಾರು ಪಟ್ಟಿ ಇದೆ, ರಾಜ್ಯ ಇಲಾಖೆಯ ಜಾಲತಾಣದಲ್ಲೂ ಅದರದೇ ಪಟ್ಟಿ ಇದೆ. ಹುಡುಕುವಾಗ ಒಂದು ಉಪಾಯ ಗೊತ್ತಿರಲಿ. ನೀವು ಕರೆಯುವ ಹೆಸರಲ್ಲಿ ಹುಡುಕಿದರೆ ಸಿಗದೆ ಇರಬಹುದು. ಊರಲ್ಲಿ ಕಲ್ಲೇಶ್ವರ ಅನ್ನುವುದು ಪಟ್ಟಿಯಲ್ಲಿ ಬರೀ ಈಶ್ವರ ದೇವಸ್ಥಾನ ಆಗಿರಬಹುದು, ನೀವು ರಂಗನಾಥ ಅನ್ನುವುದು ಅಲ್ಲಿ ಕೇಶವ ಆಗಿರಬಹುದು. ದೇವರ ಹೆಸರು ಬಿಡಿ, ಊರಿನ ಹೆಸರಲ್ಲಿ ಹುಡುಕಿ. ಅದೂ ಇಂಗ್ಲಿಷ್ ಕಾಗುಣಿತ ಎರಡು ಮೂರು ಥರ ಬದಲಿಸಿ ನೋಡಿ, ಬ್ರಿಟಿಷರ ಕಾಲದ ಕಾಗುಣಿತವೇ ಇನ್ನೂ ಉಳಿದಿರುತ್ತದೆ.

ಹಾಸನ ಜಿಲ್ಲೆಯ ಎಎಸ್‌ಐ ಪಟ್ಟಿಯಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮಾತ್ರ ಇದೆ ಅಂದುಕೊಳ್ಳಬೇಡಿ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ, ಕೊರವಂಗಲದಲ್ಲಿ 1173ರ ಬೂಚೇಶ್ವರ, ಮೊಸಳೆಯ ಜೋಡಿ ಗುಡಿಗಳು, ಅರಸೀಕೆರೆಯ ಶಿವಾಲಯ, ಹಾರನಹಳ್ಳಿ, ಜಾವಗಲ್ ಎಲ್ಲವೂ ಇವೆ. ಚಿಕ್ಕಮಗಳೂರು ಕಡೆ ತರೀಕೆರೆ ತಾಲ್ಲೂಕಿನ ಅಮೃತಾಪುರದ 1196ರ ಅಮೃತೇಶ್ವರ ಇದೆ. ಇವುಗಳ ಪಕ್ಕದ ಬೀದಿಯಲ್ಲಿ ಮನೆ ಇರುವವರು ಮುಂದಿನ ಭಾಗ ಗಮನ ಕೊಟ್ಟು ಓದಿ.

ಜಾಲತಾಣದ ಪಟ್ಟಿಯಲ್ಲಿ ಹೆಸರು ಸಿಕ್ಕರೂ ಅಲ್ಲಿಗೆ ಮುಗಿಯಲಿಲ್ಲ. ಕಾನೂನಿನ ಪ್ರಕಾರ ನಿಜವಾದ ದಾಖಲೆ ಅಂದರೆ ಗೆಜೆಟ್ ಅಧಿಸೂಚನೆ. ಎಷ್ಟು ಜಾಗ ಸಂರಕ್ಷಿತ, ಯಾವ ಸರ್ವೆ ನಂಬರ್, ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ಏನು ಅನ್ನುವುದು ಅದರಿಂದಲೇ ಗೊತ್ತಾಗಬೇಕು. ಅದನ್ನು ಕೇಳಿ ಪಡೆಯಬೇಕು. ಸುಲಭದ ದಾರಿ ಆರ್‌ಟಿಐ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ರಾಜ್ಯ ಇಲಾಖೆಗೆ ಹಾಕುವಾಗ ನೆನಪಿಡಿ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಊರಿನ ಇತಿಹಾಸ, ನಿಮ್ಮ ನೋವು, ಹಿಂದಿನ ಅಧಿಕಾರಿ ಮಾಡಿದ್ದು ಎಲ್ಲಾ ಬರೆಯಲು ಹೋಗಬೇಡಿ. ಹೀಗೆ ಬರೆದರೆ ಸಾಕು: "ಇಂಥ ಗ್ರಾಮ, ಇಂಥ ಹೋಬಳಿ, ಇಂಥ ತಾಲ್ಲೂಕಿನ ಸರ್ವೆ ನಂಬರ್ ಇಷ್ಟರಲ್ಲಿರುವ ದೇವಸ್ಥಾನವು ಸಂರಕ್ಷಿತ ಸ್ಮಾರಕವೇ? ಹೌದಾದರೆ ಅಧಿಸೂಚನೆಯ ಪ್ರತಿ ಮತ್ತು ಸಂರಕ್ಷಿತ ಪ್ರದೇಶದ ನಕ್ಷೆಯ ಪ್ರತಿ ಕೊಡಿ." ಕೇಂದ್ರಕ್ಕೆ ಒಂದು, ರಾಜ್ಯಕ್ಕೆ ಒಂದು ಬೇರೆ ಬೇರೆ ಹಾಕಿ. ಎರಡೂ ಕಡೆಯಿಂದ "ನಮ್ಮದಲ್ಲ" ಅಂತ ಬಂದರೂ ಆ ಎರಡು ಕಾಗದ ಬಹಳ ಉಪಯೋಗದ್ದು, ಜೋಪಾನವಾಗಿಡಿ.

ಗುಡಿ ಪಕ್ಕ ಮನೆ ಕಟ್ಟುವವರಿಗೆ

ಎಎಸ್‌ಐ ಸ್ಮಾರಕವಾದರೆ ಸಂರಕ್ಷಿತ ಗಡಿಯಿಂದ ಎಲ್ಲಾ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದ ಮುಂದೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300 ಮೀಟರ್. ಇಲ್ಲಿ ಜನ ಎಡವುವುದು ಅಳತೆಯಲ್ಲಿ. ಅಳತೆ ಶುರುವಾಗುವುದು ಗೋಪುರದಿಂದಲೂ ಅಲ್ಲ, ಗರ್ಭಗುಡಿಯಿಂದಲೂ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಆ ಗಡಿ ಈಗಿನ ತಂತಿ ಬೇಲಿಗಿಂತ ಆಚೆಗೂ ಇರಬಹುದು. ಅದಕ್ಕೇ ಮೇಲೆ ನಕ್ಷೆ ಕೇಳಿ ಅಂದದ್ದು. ಟೇಪ್ ಹಿಡಿದು ರಸ್ತೆ ಸುತ್ತಿಕೊಂಡು ಅಳೆದು "ನೂರಾ ಇಪ್ಪತ್ತು ಬಂತು" ಅನ್ನುವುದೂ ನಡೆಯುವುದಿಲ್ಲ, ನೇರ ದೂರವೇ ಲೆಕ್ಕ.

100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಖಾಲಿ ಸೈಟ್ ಇದ್ದರೆ ಅದು ಖಾಲಿ ಸೈಟೇ. ಸೈಟ್ ಮಾರುವವರು ಇದನ್ನು ಹೇಳುವುದಿಲ್ಲ. ಬೇಲೂರು, ಹಳೇಬೀಡಿನಂಥ ಊರಲ್ಲಿ ಸೈಟ್ ಅಗ್ಗಕ್ಕೆ ಬಂತು ಅಂದರೆ ಖುಷಿ ಪಡುವ ಮೊದಲು ಈ ಅಳತೆ ನೋಡಿ. ಪಂಚಾಯಿತಿ ಲೈಸೆನ್ಸ್ ಇದ್ದರೂ, ಇ-ಸ್ವತ್ತು ಇದ್ದರೂ, ಬ್ಯಾಂಕ್ ಸಾಲ ಕೊಟ್ಟಿದ್ದರೂ ಈ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಾಗಂತ ಅಲ್ಲಿ ಈಗಾಗಲೇ ವಾಸ ಇರುವವರು ಸೂರು ಸೋರಿದರೂ ಸುಮ್ಮನಿರಬೇಕು ಅಂತೇನೂ ಇಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆ, ಅಥವಾ ಆಮೇಲೆ ಎಎಸ್‌ಐ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿದ ಮನೆ ಆದರೆ, ರಿಪೇರಿ ಮತ್ತು ನವೀಕರಣಕ್ಕೆ ಅನುಮತಿ ಕೇಳಬಹುದು. ಮನೆ ಆ ತಾರೀಖಿಗೆ ಮೊದಲೇ ಇತ್ತು ಅಂತ ತೋರಿಸುವುದೇ ದೊಡ್ಡ ತಲೆನೋವು. ಹಳೇ ಕಂದಾಯ ರಸೀದಿ, ಹಳೇ ಕರೆಂಟ್ ಬಿಲ್, ನೋಂದಣಿ ಪತ್ರ, ಪಂಚಾಯಿತಿಯ ಹಳೇ ಡಿಮ್ಯಾಂಡ್ ರಿಜಿಸ್ಟರ್‌ನ ನಕಲು, ಏನಿದೆಯೋ ಅದನ್ನೆಲ್ಲಾ ಒಂದು ಕಡೆ ಸೇರಿಸಿ. ಅಜ್ಜಿಯ ಟ್ರಂಕ್ ಪೆಟ್ಟಿಗೆಯನ್ನೂ ಒಂದು ಸಲ ನೋಡಿ.

100ರಿಂದ 300 ಮೀಟರ್ ಮಧ್ಯೆ ಇದ್ದರೆ ಹೊಸದಾಗಿ ಕಟ್ಟಲೂ ಅವಕಾಶ ಇದೆ, ಆದರೆ ಮೊದಲು ಅನುಮತಿ. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ (ಈ ಅನುಮತಿಗೆಂದೇ ನೇಮಿಸಿದ ಅಧಿಕಾರಿ), ಅಲ್ಲಿಂದ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ. ಆನ್‌ಲೈನ್‌ನಲ್ಲೇ ಹಾಕಬಹುದು. ಜಾಗದ ದಾಖಲೆ, ಮನೆಯ ನಕ್ಷೆ, ಎತ್ತರ, ಸ್ಮಾರಕದಿಂದ ದೂರ ತೋರಿಸುವ ಉಪಗ್ರಹ ಚಿತ್ರ, ಫೋಟೊ ಎಲ್ಲಾ ಬೇಕು. ಎತ್ತರ ಅಂದರೆ ಮೇಲಿನ ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ ಸೇರಿಸಿ ಹೇಳಿ. ಅದನ್ನು ಬಿಟ್ಟು ಅರ್ಜಿ ಹಾಕಿ ಕೊನೆಗೆ ಟ್ಯಾಂಕ್ ಇಟ್ಟರೆ ನೀವೇ ನಿಯಮ ಮುರಿದಂತೆ. ಕಾಯ್ದೆಯಲ್ಲಿ ಪ್ರತಿ ಹಂತಕ್ಕೂ ಗಡುವು ಇದೆ, ಎಲ್ಲಾ ಸೇರಿ ಮೂರ್ನಾಲ್ಕು ತಿಂಗಳು ಅಂದುಕೊಳ್ಳಿ. ನನ್ನ ಕೇಳಿದರೆ ಮನಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಲೆಕ್ಕ ಇಟ್ಟುಕೊಂಡು, ಮೇಸ್ತ್ರಿಗೆ ಅಡ್ವಾನ್ಸ್ ಕೊಡದೆ ಕಾಯಿರಿ.

ಸಾರ್ವಜನಿಕರ ಚರಂಡಿ, ಶೌಚಾಲಯ, ಕುಡಿಯುವ ನೀರಿನ ಪೈಪು, ಕರೆಂಟ್ ಲೈನ್ ಇವನ್ನು ಈ ಕಾಯ್ದೆ ನಿರ್ಮಾಣ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಪುರಾತತ್ವದವರು ಬಿಡಲ್ಲ" ಅಂತ ಹೇಳಿ ಚರಂಡಿ ಮಾಡದೆ ಕೂತ ಪಂಚಾಯಿತಿ ಇದ್ದರೆ ಇದನ್ನು ತೋರಿಸಿ. ಅಗೆಯುವ ಮೊದಲು ಎಎಸ್‌ಐನವರಿಗೆ ತಿಳಿಸಿದರೆ ಆಯಿತು. ಅಗೆದಾಗ ಹಳೇ ಅಡಿಪಾಯ, ಮೂರ್ತಿ ಬಂದರೂ ಬರಬಹುದು.

ರಾಜ್ಯದ ಸ್ಮಾರಕವಾದರೆ ಮೇಲಿನ 100, 200 ಮೀಟರ್ ನಿಯಮ ಕೇಂದ್ರದ ಕಾಯ್ದೆಯದು ಅನ್ನುವುದು ನೆನಪಿರಲಿ. ಅಂದಮೇಲೆ ಸಲೀಸು ಅಂತ ಅಲ್ಲ, ಕಟ್ಟುವ ಮೊದಲು ಮೈಸೂರಿನ ಇಲಾಖೆಗೆ ಪತ್ರ ಬರೆದು ಲಿಖಿತ ಉತ್ತರ ತೆಗೆದುಕೊಳ್ಳಿ.

ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ

ನಿಜವಾದ ಕೆಲಸ ಇರುವುದು ಇಲ್ಲಿ. ಪಟ್ಟಿಯಲ್ಲಿ ಇಲ್ಲ ಅಂದರೆ ಬೆಲೆ ಇಲ್ಲ ಅಂತ ಅಲ್ಲ, ಯಾರೂ ಇನ್ನೂ ಬರೆದುಕೊಂಡಿಲ್ಲ ಅಷ್ಟೇ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಒಂದು ಕಲ್ಲು ಊರಲ್ಲೇ ಇತ್ತು. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದಮೇಲೆ ಅದು ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಅಂತ ಎಲ್ಲರಿಗೂ ಗೊತ್ತಾಯಿತು.

ಮೊದಲು ನಿಮ್ಮ ಊರಿನ ಶಾಸನ ಈಗಾಗಲೇ ಓದಿದ್ದಾರೋ ನೋಡಿ. ಆಗಿನ ಮೈಸೂರು ಸಂಸ್ಥಾನದ ಪುರಾತತ್ವ ಅಧಿಕಾರಿ ಬಿ.ಎಲ್. ರೈಸ್ ನೂರು ವರ್ಷದ ಹಿಂದೆಯೇ ಹಳ್ಳಿ ಹಳ್ಳಿ ಸುತ್ತಿಸಿ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹಾಸನ ಜಿಲ್ಲೆಗೆ 5ನೇ ಸಂಪುಟ, ಶ್ರವಣಬೆಳಗೊಳಕ್ಕೆ ಪ್ರತ್ಯೇಕವಾಗಿ 2ನೇ ಸಂಪುಟ. ಚಿಕ್ಕಮಗಳೂರು ಅಂತ ಹುಡುಕಿದರೆ ಸಿಗುವುದಿಲ್ಲ, ಆಗ ಅದು ಕಡೂರು ಜಿಲ್ಲೆ, 6ನೇ ಸಂಪುಟ. ಸಕಲೇಶಪುರದವರು ಮಂಜರಾಬಾದ್ ತಾಲ್ಲೂಕಿನ ಕೆಳಗೆ ನೋಡಿ. ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕನ್ನಡ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ತಾಲ್ಲೂಕಿನ ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ, ಅದೇ ಶಾಸನದ ಗುರುತು. ಮೈಸೂರು ವಿಶ್ವವಿದ್ಯಾನಿಲಯದವರು ಆಮೇಲೆ ಪರಿಷ್ಕರಿಸಿ ಹೊಸ ಸಂಪುಟಗಳನ್ನು ತಂದಿದ್ದಾರೆ, ಅದರಲ್ಲಿ ಸಂಪುಟದ ನಂಬರ್ ಬೇರೆ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳಬೇಡಿ. ಮೈಸೂರು ಪುರಾತತ್ವ ಇಲಾಖೆಯ ಹಳೇ ವಾರ್ಷಿಕ ವರದಿಗಳಲ್ಲೂ ಎಷ್ಟೋ ಸಣ್ಣ ಗುಡಿಗಳ ವಿವರ ಇದೆ.

ಇದನ್ನು ಮಾಡಿದಾಗ ಒಂದು ಬೇಸರದ ವಿಷಯವೂ ಗೊತ್ತಾಗುತ್ತದೆ. ರೈಸ್ ಕಾಲದಲ್ಲಿ "ಊರ ಮುಂದಿನ ಕಲ್ಲು" ಅಂತ ಬರೆದದ್ದು ಈಗ ಅಲ್ಲಿ ಇರುವುದಿಲ್ಲ. ಮೋರಿ ಚಪ್ಪಡಿಯಾಗಿಯೋ ಯಾರದೋ ಮನೆ ಮೆಟ್ಟಿಲಾಗಿಯೋ ಇರುತ್ತದೆ. ಸಿಕ್ಕರೆ ಜಗಳ ಮಾಡಬೇಡಿ, ಮೊದಲು ಫೋಟೊ ತೆಗೆಯಿರಿ.

ಫೋಟೊ ತೆಗೆಯುವುದಕ್ಕೂ ಕ್ರಮ ಇದೆ. ಮಧ್ಯಾಹ್ನದ ಬಿಸಿಲಲ್ಲಿ ಶಾಸನದ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ, ಬೆಳಕು ಓರೆಯಾಗಿ ಬೀಳುವ ಹೊತ್ತಲ್ಲಿ ಹೋಗಿ. ಇನ್ನೂ ಒಳ್ಳೆಯದು ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಪಕ್ಕದಿಂದ ಬೆಳಕು ಬಿಡುವುದು. ಸವೆದು ಹೋಗಿದೆ ಅಂದುಕೊಂಡ ಸಾಲುಗಳು ಎದ್ದು ಕಾಣುತ್ತವೆ. ಸೀಮೆಸುಣ್ಣ ತೀಡುವುದು, ಮೈದಾ ಬಳಿಯುವುದು, ಅಕ್ಷರದ ಮೇಲೆ ಮೊಳೆಯಿಂದ ಗೀರುವುದು ಬೇಡವೇ ಬೇಡ. ಪಡಿಯಚ್ಚು, ಅಂದರೆ ಶಾಸನದ ಅಚ್ಚನ್ನು ಕಾಗದದ ಮೇಲೆ ತೆಗೆಯುವುದು ಕಲಿತವರ ಕೆಲಸ. ಮೈಸೂರಿನಲ್ಲಿ ಎಎಸ್‌ಐನ ಶಾಸನ ವಿಭಾಗವೇ ಇದೆ, ಫೋಟೊ ಜೊತೆ ಅವರಿಗೆ ಬರೆಯಿರಿ.

ಕಲ್ಲಿನ ಪಕ್ಕ ಒಂದು ಅಳತೆಪಟ್ಟಿ ಇಟ್ಟು ಮುಂದೆ, ಹಿಂದೆ, ಎರಡೂ ಪಕ್ಕ ತೆಗೆಯಿರಿ. ಶಾಸನ ಹಿಂಬದಿಯಲ್ಲೂ ಮುಂದುವರಿದಿರಬಹುದು. ವೀರಗಲ್ಲಾದರೆ ಸಾಮಾನ್ಯವಾಗಿ ಮೂರು ಪಟ್ಟಿಕೆ, ಕೆಳಗೆ ಕಾಳಗ, ಮಧ್ಯೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗಪೂಜೆ. ಬರಹ ಇದ್ದರೆ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಇರುತ್ತದೆ, ಹಾಗಾಗಿ ಅಂಚುಗಳದ್ದು ಹತ್ತಿರದಿಂದ ಬೇರೆ ಫೋಟೊ. ಬಳೆ ತೊಟ್ಟು ಮೇಲೆತ್ತಿದ ಕೈ ಕೆತ್ತಿದ್ದರೆ ಅದು ಮಾಸ್ತಿಕಲ್ಲು. ಊರಲ್ಲಿ ಆ ಕಲ್ಲಿಗೆ ಏನಂತಾರೆ, ಯಾವ ಹಬ್ಬಕ್ಕೆ ಪೂಜೆ, ಯಾವ ಮನೆತನದವರು ನಡೆಸುತ್ತಾರೆ ಅನ್ನುವುದನ್ನು ವಯಸ್ಸಾದವರ ಹತ್ತಿರ ಕೇಳಿ ಬರೆದುಕೊಳ್ಳಿ. ಪಹಣಿಯಲ್ಲಿ ಇದು ಸಿಗುವುದಿಲ್ಲ.

ಜೀರ್ಣೋದ್ಧಾರ ಅನ್ನುವ ಅಪಾಯ

ನಿಧಿಗಳ್ಳರು ಒಂದು ಗುಡಿ ಹಾಳು ಮಾಡಿದರೆ, ಒಳ್ಳೆ ಮನಸ್ಸಿನ ಸಮಿತಿಗಳು ಹತ್ತು ಗುಡಿ ಹಾಳು ಮಾಡಿವೆ ಅಂತ ನನ್ನ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ. ದುಡ್ಡು ಸೇರಿದ ಕೂಡಲೇ ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್, ಮುಂದೆ ಸಿಮೆಂಟಿನ ಮಂಟಪ, ಅದರ ಮೇಲೆ ದಾನಿಗಳ ಹೆಸರು. ಒಳಗಿದ್ದ ಹೊಯ್ಸಳರ ಕಂಬ ಹುಡುಕಿದರೂ ಕಾಣುವುದಿಲ್ಲ.

ನಮ್ಮ ಕಡೆಯ ಗುಡಿಗಳಿಗೆ ಬಳಸಿರುವುದು ಹೆಚ್ಚಾಗಿ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಅದಕ್ಕೇ. ಇದಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿದರೆ ಮರಳಿನ ಹೊಡೆತಕ್ಕೆ ಮೇಲಿನ ಗಟ್ಟಿ ಪದರವೇ ಹೋಗುತ್ತದೆ. ಒಂದು ವಾರ ಹೊಸದರ ಹಾಗೆ ಹೊಳೆಯುತ್ತದೆ, ಆಮೇಲೆ ಮೂಗು, ಬೆರಳು, ಒಡವೆ ಸವೆಯುತ್ತಾ ಹೋಗುತ್ತವೆ. ಆ್ಯಸಿಡ್, ತಂತಿ ಬ್ರಷ್ ಕೂಡ ಅಷ್ಟೇ. ಸಿಮೆಂಟ್ ಬಳಿದರೆ ಕಲ್ಲಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ, ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಉಪ್ಪು ಕಟ್ಟಿ ಕಲ್ಲು ಚಕ್ಕೆ ಏಳುತ್ತದೆ. ಹಳಬರು ಸುಣ್ಣದ ಗಾರೆ ಬಳಸಿದ್ದರು, ರಿಪೇರಿಗೂ ಅದೇ ಆಗಬೇಕು.

ದುಡ್ಡಿಲ್ಲದೆ ಮಾಡಬಹುದಾದ ಕೆಲಸ ಬಹಳ ಇದೆ. ಗುಡಿಗೆ ದೊಡ್ಡ ಶತ್ರು ನೀರು. ಮಳೆಗಾಲಕ್ಕೆ ಮುಂಚೆ ಚಾವಣಿ ಮೇಲಿನ ಎಲೆ, ಮಣ್ಣು ತೆಗೆಯಿರಿ, ನೀರು ಹೋಗುವ ತೂಬು ಬಿಡಿಸಿ. ಜಗತಿಗೆ (ಗುಡಿ ನಿಂತ ಕಟ್ಟೆ) ಒತ್ತಿಕೊಂಡ ಮಣ್ಣಿನ ಗುಡ್ಡೆಯಿಂದ ತೇವ ಏರುತ್ತದೆ, ಆದರೆ ಅದನ್ನು ನೀವೇ ಜೆಸಿಬಿ ತಂದು ಎಳೆಯಬೇಡಿ, ಒಳಗೆ ಕೆತ್ತಿದ ಕಲ್ಲು ಹೂತಿರಬಹುದು. ಸಂದಿಯಲ್ಲಿ ಹುಟ್ಟಿದ ಅರಳಿ, ಬಸರಿ ಗಿಡವನ್ನು ಬೆರಳಷ್ಟು ಇದ್ದಾಗಲೇ ಕತ್ತರಿಸಿ. ಮರವಾದಮೇಲೆ ಬೇರು ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ, ಬುಡ ಕತ್ತರಿಸಿ ಹಾಗೇ ಬಿಡಿ, ಮುಂದಿನದನ್ನು ತಿಳಿದವರಿಂದ ಮಾಡಿಸಿ. ಬಲ್ಬ್ ಹಾಕಲು ಕಂಬಕ್ಕೆ ಮೊಳೆ ಹೊಡೆಯಬೇಡಿ. ಕರ್ಪೂರ, ಎಣ್ಣೆ ದೀಪಕ್ಕೆ ಹೊರಗೆ ಒಂದು ಜಾಗ ಮಾಡಿ. ಇಷ್ಟು ಮಾಡಿದರೂ ಗುಡಿ ಇನ್ನೊಂದಿಷ್ಟು ಕಾಲ ಬಾಳುತ್ತದೆ. ಇದೆಲ್ಲಾ ಪಟ್ಟಿಯಲ್ಲಿ ಇಲ್ಲದ ಗುಡಿಯ ಮಾತು. ಸಂರಕ್ಷಿತ ಗುಡಿಯಾದರೆ ಗಿಡ ಕೀಳುವುದನ್ನೂ ಇಲಾಖೆಗೆ ತಿಳಿಸಿಯೇ ಮಾಡಬೇಕು.

ದೊಡ್ಡ ರಿಪೇರಿ ಬೇಕೇ ಬೇಕು ಅಂದರೆ ರಾಜ್ಯದ ಪುರಾತತ್ವ ಇಲಾಖೆಗೆ ಬರೆಯಿರಿ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೇ ಗುಡಿಗಳನ್ನು ಅದೇ ಕಲ್ಲು ಬಳಸಿ ಎತ್ತಿ ನಿಲ್ಲಿಸುವ ಕೆಲಸ ಮಾಡುತ್ತದೆ. ಸರ್ಕಾರ, ಟ್ರಸ್ಟ್, ಊರವರು ಮೂವರೂ ಹಣ ಹಾಕುವ ಪದ್ಧತಿ. ಊರವರ ಪಾಲು ಇರುವುದರಿಂದ ಊರು ಒಗ್ಗಟ್ಟಾಗಿರಬೇಕು, ಹಣ ಸೇರಿಸುವುದಕ್ಕಿಂತ ಅದೇ ಕಷ್ಟ.

ಪಟ್ಟಿಗೆ ಸೇರಿಸಬೇಕು ಅಂದರೆ

ಗುಡಿಯನ್ನು ರಾಜ್ಯದ ಸಂರಕ್ಷಿತ ಸ್ಮಾರಕ ಮಾಡಿ ಅಂತ ಯಾರು ಬೇಕಾದರೂ ಮೈಸೂರಿನ ಆಯುಕ್ತರಿಗೆ ಅರ್ಜಿ ಕೊಡಬಹುದು. ಒಂದು ಪುಟದ ಪತ್ರ, ಪಹಣಿ, ಗ್ರಾಮ ನಕ್ಷೆ, ಚಕ್ಕುಬಂದಿ, ಫೋಟೊ, ಶಾಸನದ ಸಂಖ್ಯೆ, ಮೇಲೆ ಹೇಳಿದ "ನಮ್ಮದಲ್ಲ" ಅನ್ನುವ ಎರಡು ಉತ್ತರ, ಜೊತೆಗೆ ಗ್ರಾಮ ಸಭೆಯ ನಿರ್ಣಯ. ನಿರ್ಣಯ ಕಡ್ಡಾಯ ಅಂತ ಅಲ್ಲ, ಆದರೆ ಅದಿಲ್ಲದೆ ಕಳಿಸಿದರೆ ನಾಳೆ ನಿಮ್ಮೂರಿನವರೇ ತಕರಾರು ಹಾಕುತ್ತಾರೆ. ಇಲಾಖೆ ಒಪ್ಪಿದರೆ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತಾರೆ, ಆಮೇಲೆ ಅಂತಿಮ. ಕೇಂದ್ರದ ಕಾಯ್ದೆಯಲ್ಲಿ ಈ ಅವಕಾಶ 2 ತಿಂಗಳು. ಜಮೀನಿನವರು, ಪೂಜೆ ನಡೆಸುವವರು ಹೇಳಬೇಕಾದದ್ದು ಆಗಲೇ ಹೇಳಬೇಕು.

ಗ್ರಾಮ ಸಭೆಯಲ್ಲಿ ಬರುವ ಮೊದಲ ಪ್ರಶ್ನೆ "ನಮ್ಮ ಪೂಜೆ ನಿಲ್ಲುತ್ತದಾ?" ಪೂಜೆ ನಡೆಯುತ್ತಿರುವ ಗುಡಿ ಸಂರಕ್ಷಿತವಾದರೆ ಪೂಜೆ ನಿಲ್ಲುವುದಿಲ್ಲ, ಬೇಲೂರಿನಲ್ಲಿ ದಿನಾ ನಡೆಯುತ್ತಿದೆಯಲ್ಲ. ಪೂಜೆ ನಿಂತು ಹೋದ ಗುಡಿ ಪಟ್ಟಿಗೆ ಸೇರಿದಮೇಲೆ ಹೊಸದಾಗಿ ಪೂಜೆ ಶುರು ಮಾಡುವುದು ಕಷ್ಟ. ಇದನ್ನು ಮುಚ್ಚಿಟ್ಟು ಸಹಿ ಹಾಕಿಸಬೇಡಿ, ಮೊದಲೇ ಹೇಳಿಬಿಡಿ. ಇನ್ನು ಎಲ್ಲಾ ಗುಡಿಯೂ ಪಟ್ಟಿಗೆ ಸೇರಲೇಬೇಕು ಅಂತ ನನಗೆ ಅನ್ನಿಸುವುದಿಲ್ಲ. ಊರವರು ಚೆನ್ನಾಗಿ ನೋಡಿಕೊಳ್ಳುತ್ತಿರುವ ಗುಡಿಗೆ ದಾಖಲೆ ಮಾಡಿಟ್ಟರೆ ಸಾಕು. ಪಟ್ಟಿಗೆ ಸೇರಿದ ಮಾತ್ರಕ್ಕೆ ಬಾಗಿಲಲ್ಲಿ ಕಾವಲು ನಿಲ್ಲುವುದೂ ಇಲ್ಲ. ದೊಡ್ಡಗದ್ದವಳ್ಳಿ ಎಎಸ್‌ಐ ಸ್ಮಾರಕವೇ, ಆದರೂ 2020ರ ನವೆಂಬರ್‌ನಲ್ಲಿ ಅಲ್ಲಿನ ಕಾಳಿ ವಿಗ್ರಹ ಒಡೆದದ್ದು ಕಂಡುಬಂತು.

ನೆಲ ಅಗೆದದ್ದು, ನಂದಿ ಕಿತ್ತದ್ದು, ಲಿಂಗದ ಬುಡ ತೋಡಿದ್ದು ಕಂಡರೆ 112ಕ್ಕೆ ಫೋನ್ ಮಾಡಿ. ಒಡೆದ ಚೂರುಗಳನ್ನು ಗುಡಿಸಿ ಹಾಕಬೇಡಿ, ಅಲ್ಲೇ ಇರಲಿ. ಉಳುವಾಗ ಮೂರ್ತಿ ಸಿಕ್ಕರೆ, ನಾಣ್ಯ ಸಿಕ್ಕರೆ ತಹಶೀಲ್ದಾರ್‌ಗೆ ಬರೆದು ತಿಳಿಸಿ, ಸ್ವೀಕೃತಿ ಪಡೆಯಿರಿ. ಮನೆಗೆ ತಂದು ದೇವರಕೋಣೆಯಲ್ಲಿ ಇಟ್ಟುಕೊಂಡರೂ ಕಾನೂನಿನ ಕಣ್ಣಿಗೆ ತಪ್ಪೇ. 100 ವರ್ಷ ದಾಟಿದ ಕಲ್ಲಿನ, ಲೋಹದ ಮೂರ್ತಿ 1972ರ ಪುರಾವಸ್ತು ಕಾಯ್ದೆಗೆ ಬರುತ್ತದೆ, ನೋಂದಣಿ ಮಾಡಿಸಬೇಕು. ರಸ್ತೆ ಅಗಲ ಮಾಡುವಾಗ ವೀರಗಲ್ಲು ಅಡ್ಡ ಬಂದರೆ ಗುತ್ತಿಗೆದಾರ ಕೆಲಸ ಶುರು ಮಾಡುವ ಮೊದಲೇ ಪಿಡಿಒ ಮತ್ತು ಪುರಾತತ್ವ ಇಲಾಖೆ ಇಬ್ಬರಿಗೂ ಪತ್ರ ಕೊಡಿ. ಎತ್ತಿಡಲೇಬೇಕು ಅಂದರೆ ಮೊದಲು ಇದ್ದ ಜಾಗದ ಫೋಟೊ, ಸರ್ವೆ ನಂಬರ್, ಯಾವ ದಿಕ್ಕಿಗೆ ಮುಖ ಮಾಡಿತ್ತು ಅನ್ನುವುದನ್ನು ಬರೆದಿಡಿ. ಜೆಸಿಬಿ ಬಕೆಟ್ಟಿನ ಹಲ್ಲು ತಾಗಿದರೆ ಕಲ್ಲು ಸೀಳುತ್ತದೆ, ಅಗಲವಾದ ಬೆಲ್ಟ್ ಹಾಕಿ ಎತ್ತಿಸಿ.

ಕೊಟ್ಟ ಪ್ರತಿ ಅರ್ಜಿಯ ನಕಲಿಗೂ ಸೀಲು ಹಾಕಿಸಿಕೊಂಡು ಒಂದು ಫೈಲಲ್ಲಿ ಇಡಿ. ಫೋಟೊಗಳನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ಬಿಟ್ಟರೆ ಸಾಲದು, ಅಲ್ಲಿ ಚಿತ್ರ ಕುಗ್ಗಿ ಅಕ್ಷರ ಓದಲು ಬರುವುದಿಲ್ಲ, ಫೋನ್ ಬದಲಾಯಿಸಿದರೆ ಅದೂ ಹೋಗುತ್ತದೆ. ಮೂಲ ಫೋಟೊಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ, ದೊಡ್ಡದಾಗಿ ಒಂದು ಪ್ರಿಂಟ್ ತೆಗೆಸಿ, ಊರಿನ ಶಾಲೆಗೆ ಒಂದು, ಪಂಚಾಯಿತಿ ಗ್ರಂಥಾಲಯಕ್ಕೆ ಒಂದು ಕೊಡಿ.